ಒಮ್ಮೆ ಇದ್ದ ಮಂಗಳೂರಿಗೆ ಮನೆಮಂದಿಯೊಡನೆ ಮತ್ತೆ ಹೋಗುವುದು ಹೇಗೆ

ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಎಂಟು ವರ್ಷ ಇದ್ದವರು, ಬಂದರಿನ ಕ್ವಾರ್ಟರ್ಸ್‌ನಲ್ಲಿ ಮಕ್ಕಳನ್ನು ಬೆಳೆಸಿದವರು, ಇಲ್ಲಿಯೇ ಹುಟ್ಟಿ ಬೆಳೆದು ಮುಂಬೈ, ದುಬೈ, ಬೆಂಗಳೂರು ಸೇರಿದವರು. ಮಂಗಳೂರನ್ನು ಬಿಟ್ಟುಹೋದ ಮನೆಗಳು ಸಾವಿರಾರು. ಇವರು ಮಕ್ಕಳನ್ನು ಕರೆದುಕೊಂಡು ರಜೆಗೆ ಬಂದಾಗ ಹೆಚ್ಚಿನವರು ಮಾಡುವುದು ಒಂದೇ ತಪ್ಪು. ಪ್ರವಾಸಿಗಳ ಪಟ್ಟಿ ಹಿಡಿದು ಬೀಚು, ದೇವಸ್ಥಾನ, ಮಾಲ್ ಸುತ್ತುತ್ತಾರೆ. ನಡುವೆ ಮಧ್ಯಾಹ್ನ ಎರಡು ಗಂಟೆಯ ಬಿಸಿಲಿಗೆ ಹಳೆಯ ಓಣಿಗೆ ಕಾರು ನುಗ್ಗಿಸಿ, ಕಿಟಕಿಯಿಂದಲೇ ನೋಡಿ, "ಎಲ್ಲ ಬದಲಾಗಿ ಹೋಗಿದೆ" ಎಂದು ಹತ್ತು ನಿಮಿಷದಲ್ಲಿ ತಿರುಗಿಬಿಡುತ್ತಾರೆ.

ಕಟ್ಟಡಗಳು ಬದಲಾದದ್ದು ನಿಜ. ಊರಿನ ಹೊತ್ತುಗಳು ಅಷ್ಟು ಬದಲಾಗಿಲ್ಲ. ದಕ್ಕೆಯ (ಮೀನುಗಾರಿಕಾ ಬಂದರಿನ) ಹರಾಜು ನಸುಕಿನದ್ದೇ. ಶನಿವಾರ ಮಧ್ಯಾಹ್ನ ಶಾಲೆ ಬಿಡುವ ಗದ್ದಲ ಉಂಟು. ಸಂಜೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನವರು ಕೂಗುವ ಊರಿನ ಹೆಸರುಗಳೂ ಅವೇ. ಆದ್ದರಿಂದ ಯೋಜನೆ ಮಾಡುವಾಗ ಜಾಗಕ್ಕಿಂತ ಮೊದಲು ಹೊತ್ತನ್ನು ಬರೆದುಕೊಳ್ಳಿ. ಆಗ ಯಾವ ಹೊತ್ತಿಗೆ ಎಲ್ಲಿರುತ್ತಿದ್ದಿರೋ, ಅದೇ ಹೊತ್ತಿಗೆ ಈಗ ಅಲ್ಲಿಗೆ ಹೋಗಿ. ಕೆಳಗಿನ ಹಂತಗಳೆಲ್ಲ ಈ ಒಂದು ನಿಯಮದ ಮೇಲೆ ನಿಂತಿವೆ.

ತಿಂಗಳು ಆರಿಸುವುದು

ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಎಲ್ಲಕ್ಕಿಂತ ಒಳ್ಳೆಯದು. ಮಳೆ ಮುಗಿದಿರುತ್ತದೆ, ಸೆಕೆ ಕಡಿಮೆ, ಶಾಲೆಗಳು ನಡೆಯುತ್ತಿರುತ್ತವೆ, ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ, ಕಂಬಳಗಳೂ ಇದೇ ಕಾಲದಲ್ಲಿ. ಡಿಸೆಂಬರ್ 18ರಿಂದ ಜನವರಿ ಮೊದಲ ವಾರದ ತನಕ ಮಾತ್ರ ಗಲ್ಫಿನಿಂದ ಬರುವವರ ಕಾರಣಕ್ಕೆ ವಿಮಾನದ ದರವೂ ಕೋಣೆಯ ದರವೂ ಏರುತ್ತವೆ. ನಿಮ್ಮ ಹಳೆಯ ನೆರೆಮನೆಯವರು ಕ್ರೈಸ್ತರಾಗಿದ್ದರೆ ಆ ದುಬಾರಿಯನ್ನು ಸಹಿಸಿಕೊಳ್ಳಬಹುದು. ತಟ್ಟೆ ತುಂಬಾ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಇಟ್ಟು ಕೂರಿಸುವ ಮನೆಗೆ ಹೋಗಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ನವರಾತ್ರಿಗೆ ಬರುವುದಾದರೆ ಕುದ್ರೋಳಿಯ ದಸರಾ, ಮಂಗಳಾದೇವಿಯ ರಥ, ಬೀದಿಬೀದಿಯಲ್ಲಿ ಪಿಲಿವೇಷದ (ಹುಲಿವೇಷದ) ತಾಸೆ. ಮಕ್ಕಳಿಗೆ ಇದನ್ನು ಬಾಯಲ್ಲಿ ವಿವರಿಸಿ ತಿಳಿಸಲಾಗುವುದಿಲ್ಲ, ತೋರಿಸಲೇಬೇಕು. ಆದರೆ ಆಗ ಶಾಲೆಗಳಿಗೆ ದಸರಾ ರಜೆ. ಶಾಲೆ ನೋಡುವುದು ಮುಖ್ಯವಾದರೆ ಆ ತಿಂಗಳು ಬೇಡ.

ಏಪ್ರಿಲ್, ಮೇ ತಿಂಗಳಲ್ಲಿ ಬೆವರು ಹರಿಯುತ್ತದೆ. ಆದರೆ ಮದುವೆಗಳ ಕಾಲ ಅದು. ಒಂದೇ ಹಾಲ್‌ನಲ್ಲಿ ನಲವತ್ತು ಮಂದಿ ಹಳಬರು ಸಿಗುತ್ತಾರೆ. ಕರೆಯೋಲೆ ಬಂದಿದ್ದರೆ ಅದನ್ನೇ ನೆಪ ಮಾಡಿಕೊಂಡು ಬನ್ನಿ. ಮೇ ಕೊನೆಯ ವಾರದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವದ ಕೋಲಗಳೂ ನಿಲ್ಲುತ್ತವೆ. ಆಮೇಲೆ ಬಂದು ಆಟ ನೋಡಬೇಕೆಂದರೆ ಊರಿನ ಮೇಳಗಳು ಸಿಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ಮೇಲಿನ ಪ್ರೀತಿಗಾಗಿಯೇ ಬರುವವರೂ ಇದ್ದಾರೆ. ಅವರಿಗೆ ಮೂರು ಎಚ್ಚರಿಕೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ದಕ್ಕೆ ಖಾಲಿ, ಮೀನು ದುಬಾರಿ, ತಟ್ಟೆಗೆ ಬರುವುದು ಹೆಚ್ಚಾಗಿ ಐಸಿನದ್ದು. ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಶಿರಾಡಿ, ಚಾರ್ಮಾಡಿ, ಸಂಪಾಜೆ ಯಾವ ಘಾಟಿಯಲ್ಲಾದರೂ ಗುಡ್ಡ ಜರಿಯಬಹುದು, ರೈಲು ಹಳಿಯ ಮೇಲೆಯೂ ಮಣ್ಣು ಬೀಳಬಹುದು. ಆದ್ದರಿಂದ ಮರಳುವ ದಿನದ ಮರುದಿನವೇ ಪರೀಕ್ಷೆಯೋ ಕೆಲಸದ ಹಾಜರಿಯೋ ಇರುವಂತೆ ಟಿಕೆಟ್ ಮಾಡಬೇಡಿ. ನಡುವೆ ಒಂದು ದಿನ ಉಳಿಸಿ.

ಹಳೆಯ ವಿಳಾಸವನ್ನು ಈಗಿನ ಊರಿನಲ್ಲಿ ಹುಡುಕುವುದು

ಇದನ್ನು ಹೊರಡುವ ಆರು ವಾರ ಮೊದಲೇ ಶುರುಮಾಡಿ. ಮನೆಯಲ್ಲಿರುವ ಹಳೆಯ ಕಾಗದಗಳನ್ನೆಲ್ಲ ಹೊರತೆಗೆಯಿರಿ: ರೇಷನ್ ಕಾರ್ಡ್, ಇನ್‌ಲ್ಯಾಂಡ್ ಲೆಟರ್, ಗ್ಯಾಸ್ ಪುಸ್ತಕ, ಶಾಲೆಯ ಪ್ರೋಗ್ರೆಸ್ ಕಾರ್ಡ್, ಮದುವೆಯ ಕಾಗದ. ಡೋರ್ ನಂಬರ್ ನಂಬಿ ಹೊರಡಬೇಡಿ. ವಾರ್ಡುಗಳು ಮರುವಿಂಗಡಣೆಯಾಗಿ ಪಾಲಿಕೆಯಲ್ಲಿ ಈಗ 60 ವಾರ್ಡುಗಳಿವೆ, ಮನೆ ನಂಬರುಗಳೂ ಬದಲಾಗಿವೆ.

ಹೆಸರುಗಳೂ ಬದಲಾಗಿವೆ. ಲೇಡಿಹಿಲ್ ವೃತ್ತ ಈಗ ನಾರಾಯಣ ಗುರು ವೃತ್ತ. ಜ್ಯೋತಿ ವೃತ್ತಕ್ಕೆ ಅಂಬೇಡ್ಕರ್ ಹೆಸರು, ಪಂಪ್‌ವೆಲ್‌ಗೆ ಮಹಾವೀರರ ಹೆಸರು, ಅಲ್ಲಿ 2020ರಿಂದ ಮೇಲ್ಸೇತುವೆ. ಜ್ಯೋತಿ ಟಾಕೀಸಿನ ಗುರುತು ಹೇಳಿ ದಾರಿ ಕೇಳಿದರೆ ಹಿರಿಯರಿಗೆ ಅರ್ಥವಾಗುತ್ತದೆ, ಆದರೆ ಟಾಕೀಸು ಅಲ್ಲಿಲ್ಲ. ಹಂಪನಕಟ್ಟೆಯ ಹಳೆಯ ಸೆಂಟ್ರಲ್ ಮಾರ್ಕೆಟ್ ಕಟ್ಟಡವೂ ಇಲ್ಲ. ರಾಷ್ಟ್ರೀಯ ಹೆದ್ದಾರಿ 17 ಎಂದರೆ ಈಗಿನ 66, 48 ಎಂದರೆ 75. ಬಸ್ಸಿನವರ ಬಾಯಲ್ಲಿ ಮಾತ್ರ ಲೇಡಿಹಿಲ್ ಇನ್ನೂ ಲೇಡಿಹಿಲ್ಲೇ, ಪಂಪ್‌ವೆಲ್ ಪಂಪ್‌ವೆಲ್ಲೇ. ಫೋನಿನ ನಕ್ಷೆಯಲ್ಲಿ ಹೊಸ ಹೆಸರು, ಆಟೊದವರ ಹತ್ತಿರ ಹಳೆಯ ಹೆಸರು, ಹೀಗೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಓಣಿ ಹುಡುಕಲು ಕದಲದ ಗುರುತುಗಳನ್ನು ಹಿಡಿಯಿರಿ. ಅಂಗಡಿ, ಹೋಟೆಲು, ಟಾಕೀಸು ಕದಲುತ್ತವೆ. ನಾಗಬನ, ದೈವಸ್ಥಾನ, ಅಶ್ವತ್ಥಕಟ್ಟೆ, ಶಿಲುಬೆ, ಮಸೀದಿ ಕದಲುವುದಿಲ್ಲ. ಮಂಗಳೂರಿನಲ್ಲಿ ಹದಿನೈದು ಮಾಳಿಗೆಯ ಫ್ಲ್ಯಾಟ್ ಎದ್ದರೂ ಕಾಂಪೌಂಡಿನ ಮೂಲೆಯಲ್ಲಿ ನಾಗನ ಕಲ್ಲು ಉಳಿದಿರುವುದನ್ನು ನೋಡಬಹುದು. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರ ನೋಡುವ ಸೌಲಭ್ಯ ಉಂಟು. ಅಂಥ ಒಂದು ಗುರುತನ್ನು ಮೊದಲು ಕಂಡುಹಿಡಿದು, ಅಲ್ಲಿಂದ ನಿಮ್ಮ ಮನೆಗೆ ಎಷ್ಟು ಹೆಜ್ಜೆ, ಏರೋ ಇಳಿಜಾರೋ ಎಂದು ಅಜ್ಜ ಅಜ್ಜಿಯನ್ನು ಕೇಳಿ. ಕಾಲಿಗೆ ನೆನಪಿರುವ ಏರು ಕಣ್ಣಿಗೆ ನೆನಪಿರುವ ಕಟ್ಟಡಕ್ಕಿಂತ ನಂಬಲರ್ಹ.

ಹಳೆಯ ಡೈರಿಯಲ್ಲಿ ಆರು ಅಂಕಿಯ ಫೋನ್ ನಂಬರ್ ಸಿಕ್ಕಿದರೆ ಮುಂದೆ 2 ಸೇರಿಸಿ, 0824 ಹಾಕಿ ಒಮ್ಮೆ ಪ್ರಯತ್ನಿಸಿ. ಹೆಚ್ಚಿನವು ಸತ್ತಿರುತ್ತವೆ. ಲ್ಯಾಂಡ್‌ಲೈನ್ ಬಿಡದ ಹಿರಿಯರ ಮನೆಯಲ್ಲಿ ಮಾತ್ರ ರಿಂಗ್ ಆಗಬಹುದು. ಬೇಕಾದವರು ಅವರೇ ಅಲ್ಲವೆ?

ಕಂಪನಿಯ ಕಾಲೊನಿಗಳಲ್ಲಿ ಇದ್ದವರಿಗೆ ಕಷ್ಟ ಬೇರೆ. ಪಣಂಬೂರಿನ ಬಂದರು ಕಾಲೊನಿ, ಕಾವೂರಿನ ಕುದುರೆಮುಖ ಕಂಪನಿಯ ಟೌನ್‌ಶಿಪ್, ಸುರತ್ಕಲ್‌ನ ಕ್ಯಾಂಪಸ್ (1960ರ ಕೆಆರ್‌ಇಸಿ, 2002ರಿಂದ ಎನ್‌ಐಟಿಕೆ), ಯಾವುದರ ಗೇಟಿನಲ್ಲೂ "ಮೊದಲು ಇಲ್ಲಿದ್ದೆವು" ಎಂದರೆ ಸಾಲದು. ಒಳಗೆ ಇರುವವರೊಬ್ಬರು ನಿಮ್ಮ ಹೆಸರು ಕೊಡಬೇಕು. ಅಂಥವರೊಬ್ಬರನ್ನು ಹುಡುಕಿ, ನಿಮ್ಮ ಮನೆಮಂದಿಯ ಹೆಸರು ಮತ್ತು ಕಾರಿನ ನಂಬರನ್ನು ಹಿಂದಿನ ದಿನವೇ ಕಳಿಸಿ, ಎಲ್ಲರ ಗುರುತಿನ ಚೀಟಿ ಕೈಯಲ್ಲಿರಲಿ.

ಈಗ ಆ ಮನೆಯಲ್ಲಿ ಇರುವವರಿಗೆ ಬರೆಯುವುದು

ಇಡೀ ಪ್ರವಾಸದಲ್ಲಿ ಅತಿ ಸೂಕ್ಷ್ಮವಾದ ಕೆಲಸ ಇದು. ಬೆಲ್ ಒತ್ತಿ "ನಾವು ಮೊದಲು ಇಲ್ಲಿದ್ದೆವು" ಎಂದರೆ ಒಳಗಿನವರ ಮನಸ್ಸಿಗೆ ಮೊದಲು ಬರುವುದು ಜಾಗದ ತಕರಾರು. ಮಂಗಳೂರಿನಲ್ಲಿ ಭೂಮಿಯ ಬೆಲೆ ಏರಿದೆ, ಪಾಲು ಪಂಚಾಯಿತಿಗೆ ನೆಂಟರು ಹಠಾತ್ತನೆ ಬರುವುದು ಹೊಸತಲ್ಲ. ಆ ಹೆದರಿಕೆಯನ್ನು ಮೊದಲ ಎರಡು ವಾಕ್ಯದಲ್ಲೇ ತೆಗೆಯಬೇಕು. ಮೂರು ವಾರ ಮುಂಚೆ ಹೀಗೊಂದು ಪತ್ರ ಹಾಕಿ, ಅಥವಾ ನೆರೆಯವರ ಮೂಲಕ ವಾಟ್ಸ್‌ಆ್ಯಪ್‌ನಲ್ಲಿ ಮುಟ್ಟಿಸಿ:

"ನಮಸ್ಕಾರ. 1986ರಿಂದ 1994ರವರೆಗೆ ನೀವು ಈಗಿರುವ ಮನೆಯಲ್ಲಿ ನಾವು ಬಾಡಿಗೆಗೆ ಇದ್ದೆವು. ಆಸ್ತಿ, ಕಾಗದಪತ್ರ ಯಾವ ವಿಷಯಕ್ಕೂ ಬರುತ್ತಿಲ್ಲ, ಮಕ್ಕಳಿಗೆ ಮನೆ ತೋರಿಸುವ ಆಸೆ ಮಾತ್ರ. ಬರುವ ತಿಂಗಳು 9ನೇ ತಾರೀಕು ಗುರುವಾರ ಸಂಜೆ 4ರಿಂದ 5ರೊಳಗೆ ಹತ್ತು ನಿಮಿಷ ಬರಬಹುದೇ? ಅನುಕೂಲ ಇಲ್ಲದಿದ್ದರೆ ಬೇಸರವಿಲ್ಲ, ರಸ್ತೆಯಿಂದಲೇ ನೋಡಿ ಹೋಗುತ್ತೇವೆ. ನಮ್ಮ ಫೋನ್ ನಂಬರ್ ಕೆಳಗಿದೆ."

ವರ್ಷ, ಬಾಡಿಗೆಯ ಮಾತು, ದಿನ, ಹೊತ್ತು, ಎಷ್ಟು ನಿಮಿಷ, ಬೇಡ ಎನ್ನಲು ಅವಕಾಶ. ಇಷ್ಟು ಇದ್ದರೆ ಸಾಕು. ಸಂಜೆ ನಾಲ್ಕು ಗಂಟೆ ಹೇಳಿದ್ದಕ್ಕೆ ಕಾರಣ ಉಂಟು. ಒಂದರಿಂದ ಮೂರೂವರೆ ಊಟ, ನಿದ್ದೆಯ ಹೊತ್ತು. ಆರೂವರೆಗೆ ದೀಪ ಹಚ್ಚುತ್ತಾರೆ. ಕ್ರೈಸ್ತರ ಮನೆಯಲ್ಲಿ ಏಳರ ಸುಮಾರಿಗೆ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ನಡೆಯುತ್ತದೆ. ಮುಸ್ಲಿಮರ ಮನೆಯಾದರೆ ಶುಕ್ರವಾರ ಮಧ್ಯಾಹ್ನ ಬಿಟ್ಟುಬಿಡಿ.

ಹೋದ ಮೇಲೆ ಅವರು ಕರೆದಷ್ಟೇ ಒಳಗೆ ಹೋಗಿ. ಅಡುಗೆಮನೆ, ಮಲಗುವ ಕೋಣೆ ಅವರದು. "ಇಲ್ಲಿ ಮೊದಲು ಗೋಡೆ ಇತ್ತು, ಆ ಮರ ಯಾಕೆ ಕಡಿದಿರಿ" ಎಂಬ ಮಾತು ಬೇಡ. ಅಜ್ಜನ ಬಾಯಿಂದ ಅದು ಬಂದೇ ಬರುತ್ತದೆ, ಹಿಂದಿನ ರಾತ್ರಿಯೇ ಹೇಳಿಡಿ.

ಕೈಯಲ್ಲಿ ಏನು ಒಯ್ಯಬೇಕು? ಸಿಹಿಯ ಪೊಟ್ಟಣ ಎಲ್ಲರೂ ತರುತ್ತಾರೆ. ಮನೆಯಲ್ಲಿ ಹೂ ಮುಡಿಯುವವರಿದ್ದರೆ ಶಂಕರಪುರ ಮಲ್ಲಿಗೆ ಒಯ್ಯಿರಿ. ಲೆಕ್ಕ ಹೀಗೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಮನೆಗೆ ಒಂದು ಚೆಂಡು ಧಾರಾಳ. ದರ ದಿನದಿನಕ್ಕೆ ಬದಲಾಗುತ್ತದೆ, ಮದುವೆಯ ಮುಹೂರ್ತಗಳಿರುವ ದಿನ ಏರಿಬಿಡುತ್ತದೆ. ಅದೇ ದಿನ ಕೊಂಡು, ಬಾಳೆಎಲೆಯ ಕಟ್ಟನ್ನು ಬಿಚ್ಚದೆ ಹಾಗೆಯೇ ಕೊಡಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಸಿಲಿನ ಕಾರಿನಲ್ಲಿಟ್ಟರೆ ಬೆಂದು ಕಂದುತ್ತದೆ.

ಮನೆ ಇಲ್ಲದಿದ್ದರೆ

ಇದು ಆಗುವ ಸಂಭವವೇ ಹೆಚ್ಚು. ಹೆಂಚಿನ ಮನೆಗಳು ಫ್ಲ್ಯಾಟ್ ಆಗಿವೆ. ಮೊದಲೇ ಫೋನಿನಲ್ಲಿ ಯಾರಿಂದಲಾದರೂ ಖಚಿತ ಮಾಡಿಕೊಂಡು ಹಿರಿಯರಿಗೆ ತಿಳಿಸಿ. ಗೇಟಿನ ಮುಂದೆ ನಿಂತು ತಿಳಿಯುವ ಸಂಕಟ ಯಾರಿಗೂ ಬೇಡ.

ಇಲ್ಲವಾದರೂ ನೋಡಲು ಇರುತ್ತದೆ. ಕಟ್ಟಿಸುವವರು ಮನೆ ಕೆಡವಿದರೂ ಬಾವಿಯನ್ನು ಉಳಿಸಿಕೊಳ್ಳುವುದುಂಟು, ನೀರು ಬೇಕಲ್ಲ. ಕೆಂಪು ಮುರಕಲ್ಲಿನ ಕಾಂಪೌಂಡ್, ಗೇಟಿನ ಕಂಬ, ರಸ್ತೆಯಿಂದ ಇಳಿಯುವ ಎರಡು ಮೆಟ್ಟಿಲು, ಹಿತ್ತಿಲ ಹಲಸು, ಇವುಗಳಲ್ಲಿ ಯಾವುದಾದರೂ ಒಂದು ಸಿಗಬಹುದು. ಮಕ್ಕಳಿಗೆ ಅದನ್ನು ಹುಡುಕುವ ಕೆಲಸ ಕೊಡಿ.

ಮೂಲೆಯಲ್ಲಿ ಹಳೆಯ ಹೆಂಚುಗಳ ರಾಶಿ ಕಂಡರೆ ಕೇಳಿ, ಒಂದನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಉಬ್ಬಚ್ಚಿನಲ್ಲಿರುತ್ತದೆ. ಪಾಚಿ ಹಿಡಿದು ಕಪ್ಪಾಗಿದ್ದರೆ ತೆಂಗಿನ ನಾರಿನಿಂದ ನೀರು ಹಾಕಿ ಉಜ್ಜಿ, ಓರೆಯಾಗಿ ಬೆಳಕು ಬೀಳುವಂತೆ ಹಿಡಿಯಿರಿ. ಅಕ್ಷರಗಳು ಏಳುತ್ತವೆ. ಬಾಸೆಲ್ ಮಿಷನ್ ಎಂದಿದ್ದು ಪಕ್ಕದಲ್ಲಿ 1865 ಎಂದಿದ್ದರೆ ಹೆಂಚು ಅಷ್ಟು ಹಳೆಯದೆಂದು ತಿಳಿಯಬೇಡಿ. ಅದು ಜೆಪ್ಪುವಿನಲ್ಲಿ ಮಿಷನ್ನಿನವರು ಮೊದಲ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋಯಿತು. ಹಾಗಾಗಿ ಕಾಮನ್‌ವೆಲ್ತ್ ಅಚ್ಚಿದ್ದರೆ ಹೆಂಚು ಯುದ್ಧದ ನಂತರದ್ದು ಎಂಬಷ್ಟು ಖಚಿತ. ಒಂದು ಹೆಂಚು ಎರಡು ಕಿಲೋಕ್ಕೂ ಹೆಚ್ಚು ತೂಗುತ್ತದೆ. ಕೇಳಿ ಪಡೆದು ಒಯ್ಯುವುದಾದರೆ ಬಟ್ಟೆಗಳ ನಡುವೆ ನಿಲ್ಲಿಸಿ ಇಡಿ. ಮಲಗಿಸಿದರೆ ಮೇಲಿನ ಭಾರಕ್ಕೆ ನಡುವಿನಲ್ಲಿ ಒಡೆಯುತ್ತದೆ.

ಹಳೆಯ ಫೋಟೊ, ಅದೇ ಜಾಗ

ಮಕ್ಕಳು ಈ ಪ್ರವಾಸದಲ್ಲಿ ಬೇಜಾರಾಗಿ ಕೂರುವುದಕ್ಕೆ ಕಾರಣ, ಅವರಿಗೆ ನೆನಪಿಲ್ಲದ ಊರಿನಲ್ಲಿ ಅವರಿಗೆ ಕೆಲಸವೂ ಇಲ್ಲ. ಕೆಲಸ ಕೊಡಿ. ಆಲ್ಬಮ್‌ನಿಂದ ಆರೇಳು ಫೋಟೊ ಆರಿಸಿ. ಹಿಂದೆ ಗೋಡೆ, ಕಿಟಕಿ, ಮೆಟ್ಟಿಲು, ಗೋಪುರ ಏನಾದರೂ ಕಾಣುವಂಥವು ಮಾತ್ರ ಇರಲಿ, ಮುಖ ತುಂಬಿದ ಫೋಟೊ ಉಪಯೋಗಕ್ಕೆ ಬಾರದು. ಮೂಲ ಫೋಟೊ ಒಯ್ಯಬೇಡಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ತೆಗೆದು 4 ಇಂಚು 6 ಇಂಚಿನ ಪ್ರಿಂಟ್ ಹಾಕಿಸಿ.

ಅಲ್ಲಿಗೆ ಹೋದ ಮೇಲೆ ಮೊದಲು ಫೋಟೊದಲ್ಲಿ ಎರಡು ಗುರುತು ಹಿಡಿಯಿರಿ, ಒಂದು ಹತ್ತಿರದ್ದು, ಒಂದು ದೂರದ್ದು. ಉದಾಹರಣೆಗೆ ಕಾಂಪೌಂಡಿನ ಮೂಲೆ, ಅದರ ಹಿಂದೆ ಕಿಟಕಿಯ ಅಂಚು. ಫೋಟೊದಲ್ಲಿ ಮೂಲೆಯು ಕಿಟಕಿಯ ಎಡಕ್ಕೋ ಬಲಕ್ಕೋ ನೋಡಿ, ಕಣ್ಣಿಗೂ ಹಾಗೆಯೇ ಕಾಣುವ ತನಕ ಪಕ್ಕಕ್ಕೆ ಸರಿಯಿರಿ. ಆಮೇಲೆ ಎರಡರ ನಡುವಿನ ಅಂತರ ಸರಿಹೊಂದುವ ತನಕ ಮುಂದೆ ಹಿಂದೆ. ಕೊನೆಗೆ ಎತ್ತರ. ಹಳೆಯ ಡಬ್ಬಿ ಕ್ಯಾಮೆರಾಗಳನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿಯುತ್ತಿದ್ದರು. ನಿಂತು ತೆಗೆದರೆ ಹೊಂದುವುದಿಲ್ಲ, ಹತ್ತು ವರ್ಷದ ಮಗುವಿನ ಕೈಯಲ್ಲಿ ಕೊಟ್ಟರೆ ತಾನಾಗಿ ಸರಿಯಾಗುತ್ತದೆ. ಮೊಬೈಲಿನ ಸಾದಾ ನೋಟ ಬಹಳ ಅಗಲ. 2 ಪಟ್ಟು ಜೂಮ್‌ಗೆ ಇಟ್ಟರೆ ಆಗಿನ ಲೆನ್ಸಿಗೆ ಹತ್ತಿರ ಬರುತ್ತದೆ. ನೆರಳೂ ಹೇಳುತ್ತದೆ: ಕಡಲಿನ ಬದಿಯಿಂದ ಬೆಳಕು ಬಿದ್ದಿದ್ದರೆ ಫೋಟೊ ಸಂಜೆಯದು. ಬೆಳಿಗ್ಗೆ ಹೋಗಿ ಪ್ರಯೋಜನವಿಲ್ಲ.

ಬರುವುದು, ಉಳಿಯುವುದು

ರೈಲಿನವರು ಗಮನಿಸಬೇಕಾದದ್ದು ಒಂದೇ: ಮಂಗಳೂರು ಸೆಂಟ್ರಲ್ ಬೇರೆ, ಮಂಗಳೂರು ಜಂಕ್ಷನ್ ಬೇರೆ. ಹಳಬರು ಕಂಕನಾಡಿ ಸ್ಟೇಶನ್ ಎನ್ನುತ್ತಿದ್ದುದೇ ಪಡೀಲಿನ ಜಂಕ್ಷನ್. ಎರಡರ ನಡುವೆ ಐದಾರು ಕಿ.ಮೀ. ಮುಂಬೈ ಕಡೆಯಿಂದ ಕೇರಳಕ್ಕೆ ಹೋಗುವ ಗಾಡಿಗಳು ಸಾಮಾನ್ಯವಾಗಿ ಜಂಕ್ಷನ್‌ನಲ್ಲಷ್ಟೇ ನಿಲ್ಲುತ್ತವೆ. ಕರೆದೊಯ್ಯಲು ಬರುವ ನೆಂಟರು ಸೆಂಟ್ರಲ್‌ನಲ್ಲಿ ಕಾಯುತ್ತ ನಿಲ್ಲುವುದು ಈಗಲೂ ನಡೆಯುತ್ತದೆ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಬೆಂಗಳೂರಿನಿಂದ ಬರುವವರು ಹಗಲಿನ ರೈಲು ಸಿಕ್ಕಿದರೆ ಬಿಡಬೇಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ ಸುಮಾರು 55 ಕಿ.ಮೀ.ನಲ್ಲಿ 57 ಸುರಂಗಗಳು. ಮಕ್ಕಳು ಎಣಿಸುತ್ತ ಬರುತ್ತಾರೆ.

ಉಳಿಯಲು ಹಂಪನಕಟ್ಟೆ, ಬಲ್ಮಠ, ಕದ್ರಿ ಈ ಮೂರರ ನಡುವೆ ನೋಡಿ. ನಾಲ್ವರಿಗಿಂತ ಹೆಚ್ಚು ಮಂದಿ ಇದ್ದರೆ ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ದಕ್ಕೆಯಿಂದ ತಂದ ಬಂಗುಡೆ ಬೇಯಿಸಲು, ಬೆಳಿಗ್ಗೆ ಗಂಜಿ ಮಾಡಲು ಅದು ಬೇಕೇ ಬೇಕು. ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಮಾತ್ರ ಉಂಡು ಬೆಳೆದ ಮಕ್ಕಳಿಗೆ ಕುಚ್ಚಲಕ್ಕಿ ಗಂಜಿ: ಒಂದು ಲೋಟ ಅಕ್ಕಿಗೆ ಆರು ಲೋಟ ನೀರು, ಕುಕ್ಕರಿನಲ್ಲಿ ಏಳೆಂಟು ಸೀಟಿ, ಆಮೇಲೆ ಉರಿ ಆರಿಸಿ ಹಾಗೆಯೇ ಬಿಡಿ. ಅವಸರದಲ್ಲಿ ಮುಚ್ಚಳ ತೆಗೆದರೆ ಅಕ್ಕಿ ಅರಳಿರುವುದಿಲ್ಲ, ಮಕ್ಕಳು ಎರಡನೇ ತುತ್ತು ತಿನ್ನುವುದಿಲ್ಲ. ತುಪ್ಪ, ಉಪ್ಪಿನಕಾಯಿ, ಸುಟ್ಟ ಹಪ್ಪಳ ಜೊತೆಗಿರಲಿ.

ಐದು ದಿನದ ಹಂಚಿಕೆ

ಬುಧವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೊರಡುವಂತೆ ಇಟ್ಟುಕೊಳ್ಳಿ. ಕಚೇರಿ, ಬ್ಯಾಂಕ್ ಕೆಲಸವಿದ್ದರೆ ಶುಕ್ರವಾರ ಮುಗಿಸಿ, ಎರಡನೇ ಮತ್ತು ನಾಲ್ಕನೇ ಶನಿವಾರ ಎರಡಕ್ಕೂ ರಜೆ.

ಬುಧವಾರ ಏನೂ ಇಡಬೇಡಿ. ಸಂಜೆ ಎಲ್ಲರೂ ಹೋಗಿ ಐಡಿಯಲ್ ಐಸ್‌ಕ್ರೀಮ್‌ನವರಲ್ಲಿ, ಹಂಪನಕಟ್ಟೆಯಲ್ಲೋ ಲಾಲ್‌ಬಾಗಿನ ಪಬ್ಬಾಸ್‌ನಲ್ಲೋ, ಒಂದೊಂದು ಗಡ್‌ಬಡ್ ತಿಂದು ಬನ್ನಿ. ಲೋಟ ಎತ್ತರ, ಚಮಚ ಉದ್ದ. ಸಣ್ಣ ಮಕ್ಕಳಿಬ್ಬರಿಗೆ ಒಂದು ಸಾಕು.

ಗುರುವಾರ ನಿಮ್ಮ ಹಳೆಯ ಓಣಿಗೆ ಮಾತ್ರ. ಬೆಳಿಗ್ಗೆ ಏಳಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ. ಬೆಳಗಿನ ನಡಿಗೆ ಬಹಳ ಮುಖ್ಯ. ಹಾಲು, ಪೇಪರು, ಹೂವು, ವಾಕಿಂಗಿಗೆ ಹೊರಟ ಹಿರಿಯರು. ಗೇಟಿನಾಚೆ ನಿಂತು ಯಾರೆಂದು ನೋಡುವವರು ಆ ಹೊತ್ತಿನಲ್ಲೇ ಸಿಗುವುದು. "ಎಂಚ ಉಲ್ಲರ್?" (ಹೇಗಿದ್ದೀರಿ?) ಎಂದು ಮೊದಲು ನೀವೇ ಕೇಳಿಬಿಡಿ. ತುಳು ಅರ್ಧ ಮರೆತಿದ್ದರೂ ಪರವಾಗಿಲ್ಲ. ಗಂಡಸರಿಗೆ ಅಣ್ಣ, ಹೆಂಗಸರಿಗೆ ಅಕ್ಕ, ಕೊಂಕಣಿ ಕ್ರೈಸ್ತ ಹೆಂಗಸರಿಗೆ ಬಾಯಿ. ಮಕ್ಕಳಿಗೂ ಇಷ್ಟು ಕಲಿಸಿ ಕರೆತನ್ನಿ, ಅಂಕಲ್ ಆಂಟಿ ಎಂದರೆ ಬಾಗಿಲು ಅರ್ಧವೇ ತೆರೆಯುತ್ತದೆ. ಗುರುತು ಹತ್ತಿದರೆ ಮುಂದಿನ ಮಾತು "ಬಲೆ, ಕುಲ್ಲುಲೆ" (ಬನ್ನಿ, ಕೂತುಕೊಳ್ಳಿ). ಆಗ ಕೂರಲೇಬೇಕು, ಗಡಿಯಾರ ನೋಡಬೇಡಿ. ಈ ದಿನಕ್ಕೆ ಬೇರೇನೂ ಸೇರಿಸಬಾರದೆಂದದ್ದು ಇದಕ್ಕೇ.

ಶುಕ್ರವಾರ ನಸುಕಿನಲ್ಲಿ ದಕ್ಕೆ. ಆರು ಗಂಟೆಗೆ ಅಲ್ಲಿರಬೇಕು, ಎಂಟೂವರೆಯ ಮೇಲೆ ಸದ್ದಡಗುತ್ತದೆ. ರಬ್ಬರ್ ಚಪ್ಪಲಿ ಹಾಕಿ, ನೆಲ ಜಾರುತ್ತದೆ. ಬುಟ್ಟಿ ಹೊತ್ತು ಓಡುವವರ ದಾರಿಗೆ ಅಡ್ಡ ನಿಲ್ಲಬೇಡಿ. ಹರಾಜಿನಲ್ಲಿ ಕೈ ಹಾಕದೆ, ಆಚೆ ಕೂತ ಹೆಂಗಸರಿಂದ ಬಿಡಿಯಾಗಿ ಕೊಳ್ಳಿ. ಕಿವಿರು ಕೆಂಪಾಗಿರಬೇಕು, ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಬೆರಳಿನಿಂದ ಒತ್ತಿದ ಗುಂಡಿ ಕೂಡಲೇ ಏಳಬೇಕು. ಬೂತಾಯಿಯ ಹೊಟ್ಟೆ ಒಡೆದಿದ್ದರೆ ಬಿಟ್ಟುಬಿಡಿ. ಹತ್ತೂವರೆಯ ಮೇಲೆ ಕಚೇರಿ ಕೆಲಸ. ಅದನ್ನು ಕೆಳಗೆ ಬೇರೆಯಾಗಿ ಬರೆದಿದೆ.

ಶನಿವಾರ ಶಾಲೆ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಶನಿವಾರ ಸಾಮಾನ್ಯವಾಗಿ ಅರ್ಧ ದಿನ. ಬಿಡುವ ಅರ್ಧ ಗಂಟೆ ಮೊದಲು ಹೋದರೆ ಮಕ್ಕಳೂ ಇರುತ್ತಾರೆ, ಗಂಟೆಯ ಸದ್ದೂ ಕೇಳುತ್ತದೆ, ಆಮೇಲೆ ಖಾಲಿ ತರಗತಿಗೆ ಕೂಡ ಹೋಗಬಹುದು. ಎರಡು ವಾರ ಮೊದಲು ಮುಖ್ಯೋಪಾಧ್ಯಾಯರಿಗೆ ಬರೆದು ಅನುಮತಿ ಕೇಳಿ. ಓದಿದ ವರ್ಷ, ತರಗತಿ, ಟಿಸಿಯಲ್ಲಿರುವ ದಾಖಲಾತಿ ಸಂಖ್ಯೆ ತಿಳಿಸಿ. ಸಂಖ್ಯೆ ಇದ್ದರೆ ಹಳೆಯ ರಿಜಿಸ್ಟರ್‌ನಲ್ಲಿ ನಿಮ್ಮ ತಂದೆಯ ಸಹಿ ಇರುವ ಸಾಲು ಹುಡುಕಲು ಐದು ನಿಮಿಷ ಸಾಕು. ಬರೀ ಹೆಸರು ಹೇಳಿದರೆ ಗುಮಾಸ್ತರಿಗೆ ಅರ್ಧ ದಿನದ ಕೆಲಸ, ಅವರು ಇಲ್ಲ ಎಂದೇ ಹೇಳುತ್ತಾರೆ. ಶಾಲೆಯ ಮಕ್ಕಳ ಫೋಟೊ ತೆಗೆಯಬೇಡಿ.

ಶನಿವಾರ ಸಂಜೆ ಇಳಿಜಾರಿನ ನಡಿಗೆ. ಮಂಗಳೂರು ಗುಡ್ಡಗಳ ಊರು, ವಯಸ್ಸಾದವರನ್ನು ಏರಿಸಬಾರದು. ಲೈಟ್‌ಹೌಸ್ ಹಿಲ್‌ನ ಮೇಲಕ್ಕೆ ಆಟೊದಲ್ಲಿ ಹೋಗಿ. ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಬರೆಯಲು ಆರಂಭಿಸಿದ ಚಿತ್ರಗಳನ್ನು ಕತ್ತೆತ್ತಿ ನೋಡಿ, ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಸಂದರ್ಶಕರಿಗೆ ತೆರೆದಿರುವ ಹೊತ್ತನ್ನು ಮೊದಲೇ ಕೇಳಿಡಿ. ಅಲ್ಲಿಂದ ಕೆಳಗೆ ಹಂಪನಕಟ್ಟೆ, ಮಿಲಾಗ್ರಿಸ್, ಕಾರ್‌ಸ್ಟ್ರೀಟ್. ಸುಮಾರು ಎರಡು ಕಿ.ಮೀ., ಹೆಚ್ಚಿನಂಶ ಇಳಿಜಾರು. ನಡುವೆ ಬನ್ಸ್, ಗೋಳಿಬಜೆ, ಚಾ. ಬನ್ಸ್ ಬಿಸಿ ಇದ್ದಾಗಲೇ ತಿನ್ನಬೇಕು, ಕಟ್ಟಿಸಿಕೊಂಡು ಹೋದದ್ದು ಬೆವರಿ ಮೆತ್ತಗಾಗುತ್ತದೆ.

ಭಾನುವಾರ ನೆಂಟರು, ಹಳೆಯ ಸ್ನೇಹಿತರು. ಎಡವುವುದು ಇಲ್ಲಿಯೇ. ಒಬ್ಬರ ಮನೆಯಲ್ಲಿ ತಿಂಡಿ, ಇನ್ನೊಬ್ಬರಲ್ಲಿ ಊಟ, ಮತ್ತೊಬ್ಬರಲ್ಲಿ ಮತ್ತೊಂದು ಊಟ ಒಪ್ಪಿಕೊಂಡು ಯಾವ ಮನೆಯಲ್ಲೂ ನೆಟ್ಟಗೆ ಕೂರಲಾಗದೆ, ಹೋಗದ ಹತ್ತು ಮನೆಯವರ ಮುನಿಸೂ ಸೇರಿ ಹೊರಡುತ್ತಾರೆ. ಒಂದು ಮನೆಯಲ್ಲಿ ಮಾತ್ರ ಊಟ ಒಪ್ಪಿಕೊಳ್ಳಿ. ಉಳಿದವರನ್ನು ಸಂಜೆ ಒಂದು ಹೋಟೆಲಿನ ಹಾಲ್‌ಗೋ ನೀವು ಉಳಿದ ಮನೆಗೋ ನೀವೇ ಕರೆಯಿರಿ. ನಡೆಯಲಾಗದವರ ಮನೆಗಳಿಗೆ ಮಾತ್ರ ನೀವು ಹೋಗಿ. ಹೊರಡುವ ಮೊದಲೇ ಯಾರು ತೀರಿಹೋಗಿದ್ದಾರೆಂದು ಒಬ್ಬ ಹಳಬರಿಂದ ತಿಳಿದು ಬರೆದುಕೊಳ್ಳಿ. "ರಾಯರು ಹೇಗಿದ್ದಾರೆ" ಎಂದು ಅವರ ಹೆಂಡತಿಯನ್ನೇ ಕೇಳಿಬಿಡುವಂತೆ ಆಗಬಾರದು. ಆಗ ಮನೆಕೆಲಸಕ್ಕೆ ಬರುತ್ತಿದ್ದವರು, ಹಾಲು ತರುತ್ತಿದ್ದವರು ಇದ್ದರೆ ಈ ಪಟ್ಟಿಯ ಮೊದಲಲ್ಲಿ ಅವರ ಹೆಸರಿರಲಿ. ಕೊಡುವ ಹಣ ಲಕೋಟೆಯಲ್ಲಿರಲಿ, ಕೊಡುವವರು ಮಕ್ಕಳಲ್ಲ, ಮನೆಯ ಹಿರಿಯರು.

ಉಡುಪಿಗೆ ಹೋಗಲೇಬೇಕೆಂದರೆ ಇನ್ನೊಂದು ದಿನ ಸೇರಿಸಿ. ಸುಮಾರು 55 ಕಿ.ಮೀ., ಎಕ್ಸ್‌ಪ್ರೆಸ್ ಬಸ್ ಸಾಕು. ಮಠ ಬೆಳಿಗ್ಗೆ, ಮಲ್ಪೆ ಸಂಜೆ. ಸೇಂಟ್ ಮೇರೀಸ್ ದ್ವೀಪದ ದೋಣಿ ಮಳೆಗಾಲದಲ್ಲಿ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ, ಸರಿಸಂಖ್ಯೆಯ ವರ್ಷದ ಜನವರಿ 18ಕ್ಕೆ ಪರ್ಯಾಯ. ಅದರ ಹಿಂದುಮುಂದಿನ ದಿನಗಳಲ್ಲಿ ಕೋಣೆ ಸಿಗದು.

ಮಕ್ಕಳಿಗೆ ಕಡಲು ಬೇಕೆಂದರೆ ಸುಲ್ತಾನ್ ಬತ್ತೇರಿಯಿಂದ ದೋಣಿ ದಾಟಿ ತಣ್ಣೀರುಬಾವಿಗೆ ಹೋಗಿ, ದೋಣಿಯೇ ಅವರಿಗೆ ಹಬ್ಬ. ಜೀವರಕ್ಷಕರು ಬೇಕೆಂದರೆ ಪಣಂಬೂರು. ಸೋಮೇಶ್ವರದಲ್ಲಿ ಬಂಡೆ ಮೇಲಿಂದ ನೋಡಬಹುದು, ನೀರಿಗಿಳಿಯಬಾರದು.

ಕಚೇರಿಯ ಶುಕ್ರವಾರ

ಬಂದಾಗಲೇ ಮುಗಿಸಬಹುದಾದ ಎರಡು ಕೆಲಸ. ಒಂದು, ಮಕ್ಕಳದ್ದೋ ನಿಮ್ಮದೋ ಜನನ ಪ್ರಮಾಣಪತ್ರ. ಜನನ ನೋಂದಣಿಯಾಗುವುದು ಹುಟ್ಟಿದ ಜಾಗದಲ್ಲಿ, ಇದ್ದ ಜಾಗದಲ್ಲಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಾಗಿದ್ದರೆ ಲಾಲ್‌ಬಾಗಿನ ಪಾಲಿಕೆ ಕಚೇರಿಯಲ್ಲಿ ಎಷ್ಟು ಹುಡುಕಿದರೂ ಸಿಗದು. ಆಸ್ಪತ್ರೆಯ ಹೆಸರು, ತಾರೀಕು, ಅಂದಿನ ಕಾಗದದಲ್ಲಿ ತಂದೆ ತಾಯಿಯ ಹೆಸರನ್ನು ಬರೆದ ಅಕ್ಷರ, ಇವನ್ನು ಒಯ್ಯಿರಿ.

ಇನ್ನೊಂದು, ಮರೆತ ಬ್ಯಾಂಕ್ ಖಾತೆ. ಉಡುಪಿಯೂ ಸೇರಿದ್ದ ಹಳೆಯ ಅವಿಭಜಿತ ಜಿಲ್ಲೆಯಲ್ಲಿ ಹುಟ್ಟಿದ ಕೆಲವು ಬ್ಯಾಂಕುಗಳ ಬೋರ್ಡುಗಳೇ ಬದಲಾಗಿವೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿನಲ್ಲಿ, ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯ. ಹತ್ತು ವರ್ಷ ಕಳೆದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೆ ಹಕ್ಕು ಹೋಗುವುದಿಲ್ಲ. ಮೊದಲು ರಿಸರ್ವ್ ಬ್ಯಾಂಕಿನ ಉದ್ಗಮ್ ಜಾಲತಾಣದಲ್ಲಿ ಅಜ್ಜನ ಹೆಸರು ಹುಡುಕಿ. ಅಲ್ಲಿ ಹುಡುಕಬಹುದಷ್ಟೇ, ಹಣಕ್ಕೆ ಅರ್ಜಿ ಕೊಡಬೇಕಾದ್ದು ಈಗಿನ ಬ್ಯಾಂಕಿಗೆ. ಪಾಸ್‌ಬುಕ್, ಆಧಾರ್, ಪ್ಯಾನ್, ಖಾತೆದಾರರು ತೀರಿಹೋಗಿದ್ದರೆ ಮರಣ ಪ್ರಮಾಣಪತ್ರ ಒಯ್ಯಿರಿ. ಅದೇ ದಿನ ಹಣ ಸಿಗುವ ನಿರೀಕ್ಷೆ ಬೇಡ, ಅರ್ಜಿ ಕೊಟ್ಟು ರಸೀದಿ ಪಡೆದರೆ ಆ ದಿನದ ಕೆಲಸ ಮುಗಿಯಿತು.

ಕಟ್ಟಿ ಒಯ್ಯುವುದು

ಕೋರಿರೊಟ್ಟಿ ಪುಡಿಯಾಗುತ್ತದೆ, ಕೈಚೀಲದಲ್ಲೇ ಇರಲಿ. ಒಣಗಿಸಿದ ಪುನರ್ಪುಳಿ ಸಿಪ್ಪೆ, ಹಲಸಿನ ಹಪ್ಪಳ, ಕುಚ್ಚಲಕ್ಕಿ ಎಲ್ಲಿ ಬೇಕಾದರೂ ಕೂರುತ್ತವೆ. ಒಣಮೀನನ್ನು ಪೇಪರಿನಲ್ಲಿ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆಮೇಲೆ ಮುಚ್ಚಳವಿರುವ ಡಬ್ಬಿಗೆ ಹಾಕಿ. ಇಲ್ಲದಿದ್ದರೆ ಇಡೀ ಎಸಿ ಬೋಗಿಗೆ ಗೊತ್ತಾಗುತ್ತದೆ. ವಿಮಾನದಲ್ಲಿ ಹೋಗುವವರು ಕೊಬ್ಬರಿ ಇಡಬೇಡಿ. ಎಣ್ಣೆ ಅಂಶದಿಂದ ಬೆಂಕಿ ಹಿಡಿಯುವ ವಸ್ತುವೆಂದು ತೆಗೆಸುತ್ತಾರೆ. ಬಜ್ಪೆಯ ನಿಲ್ದಾಣದಲ್ಲಿ ಬ್ಯಾಗ್ ಬಿಚ್ಚಿ ಕೂರುವ ಕೆಲಸ ಬೇಡ.

ಊರು ಮುಟ್ಟಿದ ಹದಿನೈದು ದಿನದೊಳಗೆ ಇನ್ನೊಂದು ಪ್ರಿಂಟ್ ಹಾಕಿಸಿ: ಹಳೆಯ ಫೋಟೊ, ಅದೇ ಜಾಗದ ಹೊಸ ಫೋಟೊ, ಎರಡೂ ಒಂದೇ ಕಾಗದದಲ್ಲಿ. ಹಿಂದೆ ವರ್ಷ ಮತ್ತು ಹೆಸರುಗಳನ್ನು ಮಕ್ಕಳ ಕೈಯಲ್ಲೇ ಬರೆಸಿ, ಬಾಗಿಲು ತೆರೆದು ಒಳಗೆ ಕರೆದ ಮನೆಯವರಿಗೆ ಅಂಚೆಯಲ್ಲಿ ಕಳಿಸಿ. ಈ ಸಲ ವಿಳಾಸ ಸರಿಯಾಗಿರುತ್ತದೆ.